ಧಾಟಿ ಹೇಳದ ಹಾಡು

ನನ್ನ ತಾಯಿಯ ಹಾಡು ಕದ್ದವರ ಮೇಲೆ ನಾನು ಸೇಡು ತೀರಿಸಿಕೊಂಡದ್ದು ಒಬ್ಬ ಜಪಾನಿ ಮುದುಕರ ನೆರವಿನಿಂದ. ಆ ಮುದುಕರಿಗೆ ಈ ವಿಷಯ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಿದ್ದರೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಸುಮ್ಮನಾಗುತ್ತಿದ್ದರು ಅನ್ನಿಸುತ್ತದೆ; ಅಂಥ ಸಭ್ಯರು ಅವರು. ನಾನು ಸಭ್ಯಳಲ್ಲ. ಗದುಗಿನ ಕಡೆಯವಳು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಂದ ಸಿಟ್ಟನ್ನು ಉಪ್ಪಿನಕಾಯಿಯ ಹಾಗೆ ಜಾಡಿಗೆ ಹಾಕಿ ಬಾಯಿ ಕಟ್ಟಿ ಇಡುವ ಅಭ್ಯಾಸವೂ ಇದೆ. ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಹೇಳಬೇಕಾದ ಹೆಸರುಗಳನ್ನು ಹೇಳಬೇಕಾದ ಕಡೆ ಹೇಳಿಯಾಗಿದೆ. ಕದ್ದವರ ಹೆಸರನ್ನು ಹೇಳದೆ ಬಿಡುವುದು ನನ್ನ ಸೇಡಿನಲ್ಲಿ ಇನ್ನೂ ಉಳಿದಿರುವ ಭಾಗ.

ಅದು ವೈಟೂಕೆ ಕಾಲ. ಎರಡು ಸಾವಿರನೇ ಇಸವಿ ಬಂತೆಂದರೆ ಕಂಪ್ಯೂಟರುಗಳೆಲ್ಲ ತಲೆ ತಿರುಗಿ ಬೀಳುತ್ತವೆ ಎಂಬ ಹೆದರಿಕೆಗೆ ನಮ್ಮಂಥವರನ್ನು ವಿಮಾನ ತುಂಬಿ ಕರೆಸಿಕೊಳ್ಳುತ್ತಿದ್ದರು. ನಾನೂ ನನ್ನ ಗಂಡನೂ ಎಚ್-ಒನ್ ವೀಸಾದ ಮೇಲೆ ಬಂದು ಐಸೆಲಿನ್‌ನಲ್ಲಿ ಒಂದು ಅಪಾರ್ಟ್‌ಮೆಂಟ್ ಹಿಡಿದಿದ್ದೆವು. ನನ್ನ ಕೆಲಸ ಹೋಬೋಕನ್‌ನಲ್ಲಿ, ನದಿಯ ದಂಡೆಯ ಮೇಲಿದ್ದ ಒಂದು ಜಪಾನಿ ಕಂಪನಿಯ ಕಚೇರಿಯಲ್ಲಿ. ಹಳೆಯ ಪ್ರೋಗ್ರಾಮುಗಳಲ್ಲಿ ಎರಡಂಕಿಯಲ್ಲಿ ಬರೆದ ವರ್ಷವನ್ನು ನಾಲ್ಕಂಕಿ ಮಾಡುವುದು, ಮಾಡಿದ್ದನ್ನು ಮತ್ತೆ ನೋಡುವುದು, ಇಷ್ಟೇ ಕೆಲಸ. ನಮ್ಮ ಗುಂಪಿನಲ್ಲಿ ತೈವಾನಿನ ಒಬ್ಬ ಹೆಂಗಸು, ಮನಿಲಾದ ಒಬ್ಬಾಕೆ, ಕೊರಿಯಾದ ಸೋಲ್‌ನಿಂದ ಬಂದ ಒಬ್ಬ ಗಂಡಸು ಇದ್ದರು. ಮ್ಯಾನೇಜರು ಟೋಕಿಯೋದವರು, ನಿವೃತ್ತಿಗೆ ಹತ್ತಿರವಾದವರು. ಅವರು ನಕ್ಕದ್ದನ್ನು ನಾವು ಯಾರೂ ನೋಡಿರಲಿಲ್ಲ.

ಒಂದು ದೊಡ್ಡ ಟೆಸ್ಟಿಂಗ್ ಮುಗಿದ ಸಂಜೆ ಅವರು ನಮ್ಮನ್ನೆಲ್ಲ ಫೋರ್ಟ್ ಲೀಯ ಒಂದು ಕರಾವೋಕೆಗೆ ಕರೆದುಕೊಂಡು ಹೋದರು. ಟೀವಿಯಲ್ಲಿ ಹಾಡಿನ ಸಾಲುಗಳು ಬರುತ್ತವೆ, ಮೈಕು ಹಿಡಿದು ಹಾಡಬೇಕು. ಮ್ಯಾನೇಜರು ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಒಂದು ಹಳೆಯ ಹಾಡು ಹಾಡಿದರು. ಹಡಗು ಬಂದರು ಬಿಟ್ಟು ಹೋಗುತ್ತದೆ, ದಂಡೆಯಲ್ಲಿ ನಿಂತ ಹೆಂಗಸು ಕೈ ಬೀಸುವುದಿಲ್ಲ, ಹಾಡಿನ ಅರ್ಥ ಇಷ್ಟೇ ಎಂದು ಆಮೇಲೆ ಹೇಳಿದರು. ಎರಡನೆಯ ಸಾಲಿಗೆ ತೈವಾನಿನವಳು ತನ್ನ ಭಾಷೆಯಲ್ಲಿ ದನಿ ಸೇರಿಸಿದಳು. ಮನಿಲಾದವಳು ತನ್ನ ಭಾಷೆಯಲ್ಲಿ. ಸೋಲ್‌ನವನು ಬಾಯಿ ಮುಚ್ಚಿಕೊಂಡೇ ಗುನುಗಿದ. ಹಾಡು ಮುಗಿಯುತ್ತಲೂ ಜಗಳ ಶುರುವಾಯಿತು. ಇದು ನಮ್ಮ ಅಜ್ಜಿಯ ಹಾಡು ಎಂದು ಒಬ್ಬಳು, ನಮ್ಮೂರಿನ ಮದುವೆಗಳಲ್ಲಿ ಹಾಡುವುದು ಎಂದು ಇನ್ನೊಬ್ಬಳು. ತಮ್ಮ ದೇಶದಲ್ಲಿ ಜಪಾನಿ ಹಾಡುಗಳಿಗೆ ಇನ್ನೂ ಅಡ್ಡಿ ಇದೆ, ತನ್ನ ಅಪ್ಪ ಇದನ್ನು ಬಾಗಿಲು ಹಾಕಿಕೊಂಡು ಹಾಡುತ್ತಿದ್ದರು ಎಂದು ಸೋಲ್‌ನವನು ಹೇಳಿದ. ಯುದ್ಧದ ಕಾಲದಲ್ಲಿ ಜಪಾನಿನವರು ತಮ್ಮ ಊರಿಗೆ ಮಾಡಿದ್ದನ್ನು ಮನಿಲಾದವಳ ಅಜ್ಜಿ ಕೊನೆತನಕ ಕ್ಷಮಿಸಲಿಲ್ಲವಂತೆ. ಹಾಡನ್ನು ಮಾತ್ರ ಬಿಟ್ಟಿರಲಿಲ್ಲ.

ಮ್ಯಾನೇಜರು ಯಾರ ಜೊತೆಗೂ ವಾದಿಸಲಿಲ್ಲ. ಹಾಡನ್ನು ಮತ್ತೆ ಮೊದಲಿನಿಂದ ಹಾಕಿ, ಮೊದಲ ಚಿತ್ರಕ್ಕೇ ನಿಲ್ಲಿಸಿದರು. ಪರದೆಯ ಮೇಲೆ ಹಾಡಿನ ಹೆಸರು, ಅದರ ಕೆಳಗೆ ಎರಡು ಸಾಲು. ಇದು ಬರೆದವರ ಹೆಸರು, ಇದು ರಾಗ ಹಾಕಿದವರ ಹೆಸರು ಎಂದು ಬೆರಳಿಟ್ಟು ತೋರಿಸಿದರು. ಅವರ ಕಡೆ ಮೊದಲು ಹೆಸರು, ಆಮೇಲೆ ಹಾಡು. ಟೀವಿಯಲ್ಲೂ ಹಾಗೆಯೇ, ಸಭೆಯಲ್ಲೂ ಹಾಗೆಯೇ ಅಂತೆ. ಮಾರನೆಯ ದಿನ ನನಗೆ ಆ ಹಾಡಿರುವ ಒಂದು ಕ್ಯಾಸೆಟ್ ತಂದುಕೊಟ್ಟರು. ಹೊದಿಕೆಯ ಮೇಲೆ ಬಿಳಿ ಸೂಟಿನ ಗಾಯಕರು, ಕೂದಲಿಗೆ ಎಣ್ಣೆ, ಒಂದು ಹುಬ್ಬು ಮೇಲೆ. ಮ್ಯಾನೇಜರಿಗೆ ಮದುವೆಯಾಗುವ ಮೊದಲಿನಿಂದಲೂ ಅವರು ಹಾಡುತ್ತಿದ್ದಾರೆ, ಈಗಲೂ ಹಾಡುತ್ತಾರೆ, ಅದೇ ಸೂಟು. ಇಂಥ ಗಂಡಸರು ಅವರ ದೇಶದಲ್ಲಿ ಹಲವರಂತೆ. ಅವರ ಹಾಡುಗಳು ಹಡಗು ರೇಡಿಯೋ ಹತ್ತಿ ಏಷ್ಯಾದ ಬಂದರುಗಳನ್ನೆಲ್ಲ ಸುತ್ತಿ ಬಂದವು. ನಮ್ಮ ಕಡೆಗೆ ಮಾತ್ರ ತಲುಪಿರಲಿಲ್ಲ.

ಆ ಕೊರತೆಯನ್ನು ತುಂಬಿದವಳು ನನ್ನ ತಾಯಿ. ನನ್ನ ಬಾಣಂತನಕ್ಕೆಂದು ಬಂದಿದ್ದಳು. ಊರಿನಲ್ಲಿ ಶಾಲೆಯ ಮಾಸ್ತರಿಕೆ ಮಾಡಿ ನಿವೃತ್ತಳಾದವಳು. ಅದಕ್ಕಿಂತ ಹೆಚ್ಚಾಗಿ ಹಾಡು ಕಟ್ಟುವವಳು. ಮದುವೆ, ಬಸುರಿಯ ಕುಬುಸ, ತೊಟ್ಟಿಲು, ಯಾವುದಕ್ಕೆ ಕೇಳಿದರೂ ಒಂದು ಹಾಡು ಕಟ್ಟಿ ಕೊಡುತ್ತಿದ್ದಳು. ರಾಗ ಅವಳದಲ್ಲ, ನಾಟಕದ್ದೋ ಭಜನೆಯದೋ ರೇಡಿಯೋದ್ದೋ, ಯಾವುದು ಕಿವಿಗೆ ಬಿದ್ದಿತೋ ಅದು. ಆದರೆ ಹಾಡುವ ಮೊದಲು ಧಾಟಿ ಹೇಳುತ್ತಿದ್ದಳು. ಇದು ಇಂಥ ಹಾಡಿನ ಧಾಟಿ ಎಂದು ನಾಲ್ಕು ಜನ ಕೇಳುವಂತೆ ಹೇಳಿ, ಆಮೇಲೆ ಗಂಟಲು ಸರಿಮಾಡಿಕೊಳ್ಳುವುದು. ನಮ್ಮ ಹಳೆಯ ಹಾಡಿನ ಪುಸ್ತಕಗಳಲ್ಲಿ ಪ್ರತಿ ಹಾಡಿನ ತಲೆಯ ಮೇಲೆ ಅಚ್ಚು ಮಾಡಿರುತ್ತಾರಲ್ಲ, ಅದೇ ಕ್ರಮ. ಹೇಳಿ ತಗೊಂಡ್ರ ಕಡ, ಹೇಳಲಾರದ ತಗೊಂಡ್ರ ಕಳವು ಅನ್ನುವುದು ಅವಳ ಮಾತು.

ಕ್ಯಾಸೆಟ್ಟನ್ನು ಅವಳು ಅಡಿಗೆ ಮಾಡುವಾಗೆಲ್ಲ ಹಾಕಿಕೊಂಡಳು. ಹೋಬೋಕನ್‌ಗೆ ಕರೆದುಕೊಂಡು ಹೋಗಿ ಹಡ್ಸನ್ ನದಿ ತೋರಿಸಿದ ದಿನ ಬೆಂಚಿನ ಮೇಲೆ ಕೂತು ಫೆರಿ ದೋಣಿ ಬರುವುದು ಹೋಗುವುದು ನೋಡಿದಳು. ಮನೆಗೆ ಬರುವಷ್ಟರಲ್ಲಿ ಹಾಡು ಆಗಿತ್ತು:

ಹೊಳಿ ಮ್ಯಾಲ ಹಡಗ ತೂಗತೈತಿ
ತೊಟ್ಲಾಗ ಕೂಸ ನಗತೈತಿ
ಹೋದವ್ರು ಹೋಗ್ಲಿ, ಬಂದವ್ರು ಬರ್ಲಿ
ನಿದ್ದಿ ಒಂದ ನಿನ್ನಲ್ಲೇ ಇರ್ಲಿ

ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ನಮ್ಮ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ಕೂಟದವರು ಒತ್ತಿಕೊಂಡು ಕೂತರು. ಅಮ್ಮ ಎದ್ದು ನಿಂತು, ಧಾಟಿ, ಜಪಾನಿ ಅಜ್ಜ ಹಾಡಿದ ಬಂದರದ ಹಾಡು ಎಂದಳು. ತಮಾಷೆ ಮಾಡುತ್ತಿದ್ದಾಳೆಂದು ಎಲ್ಲರೂ ನಕ್ಕರು. ಅವಳು ಹಾಡಿದಳು. ನಗು ನಿಂತಿತು. ಮುಂದಿನ ಸಾಲಿನಲ್ಲಿ ನಮ್ಮ ಡೈರೆಕ್ಟರ್ ಅಂಕಲ್ ಟೇಪ್ ರೆಕಾರ್ಡರ್ ಹಿಡಿದು ಕೂತಿದ್ದರು.

ಡೈರೆಕ್ಟರ್ ಅಂಕಲ್ ಎಂದರೆ ಸಿನಿಮಾದವರಲ್ಲ. ನಮಗಿಂತ ಇಪ್ಪತ್ತು ವರ್ಷ ಮೊದಲು ಬಂದ ಮೈಸೂರು ಕಡೆಯ ಇಂಜಿನಿಯರು. ಪ್ರಿನ್ಸ್‌ಟನ್ ಹತ್ತಿರ ದೊಡ್ಡ ಮನೆ, ಬೇಸ್‌ಮೆಂಟಿನಲ್ಲಿ ಹಾರ್ಮೋನಿಯಂ, ಕೀಬೋರ್ಡು. ಕೂಟದ ಹಾಡಿನ ಗುಂಪಿಗೆ ಅವರೇ ಎಲ್ಲ. ಎಚ್-ಒನ್ ಮೇಲೆ ಬಂದ ನಮ್ಮನ್ನು ಕಂಡರೆ ಅವರಿಗೆ ಒಂದು ಬಗೆಯ ಕನಿಕರವಿತ್ತು. ಆ ಕನಿಕರವನ್ನು ನಾನು ಮೊದಲ ದಿನದಿಂದಲೂ ಸಹಿಸಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ನವೆಂಬರಿನ ರಾಜ್ಯೋತ್ಸವ ಒಂದು ಹೈಸ್ಕೂಲಿನ ಸಭಾಂಗಣದಲ್ಲಿ ನಡೆಯಿತು. ಅಮ್ಮ ಇಳಕಲ್ ಸೀರೆ ಉಟ್ಟು ಎರಡನೆಯ ಸಾಲಿನಲ್ಲಿ ಕೂತಿದ್ದಳು. ಹಾಡಿನ ಗುಂಪು ಬಂತು. ಡೈರೆಕ್ಟರ್ ಅಂಕಲ್ ಮೈಕಿನಲ್ಲಿ, ಸಾಹಿತ್ಯ ಜಾನಪದ, ಸಂಗೀತ ನನ್ನ ಸ್ವಂತ ಸಂಯೋಜನೆ, ಹೊಸ ಸೀಡಿಯಲ್ಲೂ ಇದೆ ಎಂದು ಹೇಳಿ ಕೈ ಎತ್ತಿದರು. ಗುಂಪು ಹಾಡಿದ್ದು ಅಮ್ಮನ ಹಾಡು. ಅದೂ ಅಮ್ಮನ ಹಾಡಿನ ಹಾಗಿರಲಿಲ್ಲ. ಹೊಳಿ ಹೊಳೆಯಾಗಿತ್ತು, ಕೂಸು ಮಗುವಾಗಿತ್ತು, ತೊಟ್ಲಾಗ ಎಂಬುದು ತೊಟ್ಟಿಲಲ್ಲಿ ಎಂದಾಗಿತ್ತು. ಒಂದು ಅಕ್ಷರ ಹೆಚ್ಚಾಗಿ, ಆ ಜಾಗಕ್ಕೆ ಬಂದಾಗಲೆಲ್ಲ ಇಡೀ ಗುಂಪು ಬಸ್ಸು ತಪ್ಪುವವರಂತೆ ಓಡುತ್ತಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಅಮ್ಮ ತಾನೇ ಹೋಗಿ ಅವರನ್ನು ಕೇಳಿದಳು. ತನ್ನ ಹೆಸರಿನ ವಿಷಯ ಎತ್ತಲೇ ಇಲ್ಲ; ಧಾಟಿ ಯಾಕೆ ಹೇಳಲಿಲ್ಲ ಎಂದಷ್ಟೇ ಕೇಳಿದಳು.

“ಅಮ್ಮಾ, ಜಾನಪದಕ್ಕೆ ಯಜಮಾನರು ಇರೋಲ್ಲ,” ಅಂದರು ಅವರು, ನಗುನಗುತ್ತಾ. “ಲಾಂಗ್ವೇಜ್ ಸ್ವಲ್ಪ ರಫ್ ಇತ್ತು ನೋಡಿ, ಪಾಲಿಶ್ ಮಾಡಿದೀನಿ.”

ಪಾರ್ಕ್‌ವೇ ಹೆದ್ದಾರಿಗೆ ಕಾರು ಬಂದಾಗ ಅಮ್ಮ ಒಂದೇ ಮಾತು ಕೇಳಿದಳು:

“ನಾ ಇನ್ನೂ ಜೀವಂತ ಅದೀನಿ. ನಾ ಹೆಂಗ ಜಾನಪದ ಆದ್ನಿ?”

ಅವತ್ತಿನಿಂದ ಅವಳು ಹಾಡುವುದನ್ನು ಬಿಟ್ಟಳು. ಮೊಮ್ಮಗಳು ಅತ್ತರೆ ಹೆಗಲ ಮೇಲೆ ಹಾಕಿಕೊಂಡು ಓಡಾಡುವಳು, ಬಾಯಿ ಬಿಡಳು. ಕ್ಯಾಸೆಟ್ಟನ್ನೂ ಹಾಕಲಿಲ್ಲ. ಬೇರೆ ಹಾಡನ್ನಾದರೂ ಹಾಡು ಎಂದೆ. ಆ ರಾಗ ಕಟ್ಟಿದವರ ಹೆಸರು ಗೊತ್ತಿಲ್ಲದೆ ಬರೀ ಜಪಾನಿ ಅಜ್ಜ ಅಂದದ್ದು ತನ್ನದೇ ಅರೆಬರೆ ಕೆಲಸ, ಅದಕ್ಕೇ ಕಳ್ಳನಿಗೆ ದಾರಿ ಸಿಕ್ಕಿತು, ಆ ಹೆಸರು ಸರಿಯಾಗಿ ಹೇಳುವತನಕ ಬಾಯಿಂದ ಹಾಡು ಬರುವುದಿಲ್ಲ ಎಂದಳು. ವೀಸಾದ ಆರು ತಿಂಗಳು ಮುಗಿದು ನ್ಯೂಅರ್ಕ್‌ನಲ್ಲಿ ಅವಳನ್ನು ವಿಮಾನ ಹತ್ತಿಸಿ ಬಂದೆ. ಅಮ್ಮನ ಬಾಯಿ ಕಟ್ಟಿಸಿದವರ ಮುಂದೆಯೇ ಅಮ್ಮನ ಬಾಯಿ ಬಿಡಿಸುತ್ತೇನೆ ಎಂದು ಪಾರ್ಕಿಂಗ್ ಲಾಟಿನಲ್ಲಿ ನಿಂತು ಶಪಥ ಮಾಡಿದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅನ್ನುತ್ತಾರಲ್ಲ, ಹಾಗೆ ಕಾದೆ.

ಮೊದಲ ಪ್ರಯತ್ನ ಯುಗಾದಿಗೆ. ನಮ್ಮ ಮ್ಯಾನೇಜರು ಒಂದು ಜಪಾನಿ ಹಾಡು ಹಾಡುತ್ತಾರೆ ಎಂದು ಕೂಟದವರನ್ನು ಒಪ್ಪಿಸಿದೆ. ಮ್ಯಾನೇಜರಿಗೆ ನನ್ನ ಹುನ್ನಾರ ತಿಳಿಸಲಿಲ್ಲ. ಅವರು ಎರಡು ವಾರ ಊಟದ ಬಿಡುವಿನಲ್ಲಿ ಅಭ್ಯಾಸ ಮಾಡಿದರು. ವೇದಿಕೆ ಹತ್ತಿ, ಬರೆದವರ ಹೆಸರು, ರಾಗ ಹಾಕಿದವರ ಹೆಸರು ಹೇಳಿ, ಬಗ್ಗಿ, ಹಾಡಿದರು. ಆ ಹೆಸರುಗಳನ್ನು ಕೇಳಿ ಬರೆದುಕೊಳ್ಳುವುದು ಬಿಟ್ಟು ನಾನು ಸಭೆಯನ್ನೇ ನೋಡುತ್ತಿದ್ದೆ. ಮೊದಲ ಸಾಲಿಗೇ ಜನ ಪಿಸುಗುಟ್ಟಿದರು, ಎರಡನೆಯ ಸಾಲಿಗೆ ಚಪ್ಪಾಳೆ ಬಿತ್ತು. ನಮ್ಮ ಹಾಡನ್ನು ಜಪಾನಿನವರು ಎಷ್ಟು ಚೆನ್ನಾಗಿ ಕಲಿತಿದ್ದಾರೆ ಎಂದು ನನ್ನ ಪಕ್ಕದ ಆಂಟಿ ಕಣ್ಣು ಒರೆಸಿಕೊಂಡರು. ಡೈರೆಕ್ಟರ್ ಅಂಕಲ್ ವೇದಿಕೆಗೇ ಓಡಿ ಬಂದು ಮ್ಯಾನೇಜರನ್ನು ತಬ್ಬಿ, ಕನ್ನಡದ ರಾಗ ಕಡಲು ದಾಟಿತು, ಸಂಗೀತಕ್ಕೆ ಭಾಷೆಯಿಲ್ಲ ಎಂದು ಭಾಷಣ ಮಾಡಿ ಶಾಲು ಹೊದಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೋಮವಾರ ಮ್ಯಾನೇಜರು ನನಗೊಂದು ಡಬ್ಬಿ ಜಪಾನಿ ಸಿಹಿ ತಂದುಕೊಟ್ಟು, ತಮ್ಮ ಜೀವನದಲ್ಲಿ ಯಾರೂ ತಮಗೆ ಶಾಲು ಹೊದಿಸಿರಲಿಲ್ಲ ಎಂದು ಮೊದಲ ಸಲ ನಕ್ಕರು. ಹಲ್ಲು ಕಡಿಯುತ್ತಲೇ ಆ ಸಿಹಿ ತಿಂದೆ.

ಬೇಸಿಗೆಯಲ್ಲಿ ತೈವಾನಿನವಳು ಒಂದು ಬಣ್ಣದ ಕಾಗದ ತಂದು ನನ್ನ ಮೇಜಿನ ಮೇಲೆ ಇಟ್ಟಳು. ಬಿಳಿ ಸೂಟು, ಮೇಲೆತ್ತಿದ ಹುಬ್ಬು. ಕ್ಯಾಸೆಟ್ಟಿನ ಆ ಗಾಯಕರೇ ಅಟ್ಲಾಂಟಿಕ್ ಸಿಟಿಗೆ ಬರುತ್ತಿದ್ದಾರೆ, ಒಂದು ಕಸಿನೋದಲ್ಲಿ ಹಾಡುತ್ತಾರೆ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಊರಿಂದ ಬಂದ ಅಪ್ಪ-ಅಮ್ಮಂದಿರನ್ನು ಅಟ್ಲಾಂಟಿಕ್ ಸಿಟಿಗೆ ಬಸ್ಸಿನಲ್ಲಿ ಕರೆದೊಯ್ಯುವುದು ಕೂಟದ ಪ್ರತಿ ಬೇಸಿಗೆಯ ಪದ್ಧತಿ. ಸಮುದ್ರ ನೋಡಿ, ಬಫೆ ತಿಂದು, ಜೂಜಿನ ಯಂತ್ರದ ಕಿವಿ ಎಳೆದು ಬರುವುದು. ಆ ವರ್ಷದ ಹೊಣೆ ನಾನೇ ಕೇಳಿ ತೆಗೆದುಕೊಂಡೆ. ಗಾಯಕರು ಹಾಡುವ ಶನಿವಾರವನ್ನೇ ಗೊತ್ತು ಮಾಡಿದೆ. ಒಂದು ಷೋ ಕೂಡ ಸೇರಿದೆ ಎಂದೆ. ಯಾವ ಷೋ ಎಂದು ಯಾರೂ ಕೇಳಲಿಲ್ಲ. ಡೈರೆಕ್ಟರ್ ಅಂಕಲ್ ಮತ್ತು ಅವರ ಹೆಂಡತಿಯ ಮನೆಗೆ ಮಾತ್ರ ಖುದ್ದಾಗಿ ಹೋಗಿ, ನೀವು ಬರದಿದ್ದರೆ ಟ್ರಿಪ್ಪಿಗೆ ಕಳೆಯಿಲ್ಲ ಎಂದು ಬಾಯಲ್ಲಿ ಬೆಣ್ಣೆ ಇಟ್ಟುಕೊಂಡು ಕರೆದೆ.

ಆ ಸಭಾಂಗಣವನ್ನು ನಾನು ಮರೆಯಲಾರೆ. ಚೈನಾಟೌನಿನಿಂದ, ಫ್ಲಶಿಂಗಿನಿಂದ, ಫಿಲಡೆಲ್ಫಿಯಾದಿಂದ ಬಸ್ಸು ಬಸ್ಸು ಮುದುಕರು ಮುದುಕಿಯರು. ಚೀನೀ, ಕೊರಿಯನ್, ವಿಯೆಟ್ನಾಮಿ, ಥಾಯಿ, ಎಲ್ಲರ ತಲೆಗೂ ಹೊಸದಾಗಿ ಬಣ್ಣ, ಎಲ್ಲರ ಮೈಮೇಲೂ ಒಳ್ಳೆಯ ಬಟ್ಟೆ. ನಡುವೆ ನಮ್ಮ ರೇಷ್ಮೆ ಸೀರೆಗಳ ಎರಡು ಸಾಲು. ಗಾಯಕರು ಬಂದರು. ಕ್ಯಾಸೆಟ್ಟಿನ ಹೊದಿಕೆಗಿಂತ ಮೂವತ್ತು ವರ್ಷ ದೊಡ್ಡವರು, ಮೊಣಕಾಲು ನೋವು ಇದ್ದಂತಿತ್ತು, ಹುಬ್ಬು ಮಾತ್ರ ಹಾಗೆಯೇ. ಪ್ರತಿ ಹಾಡಿಗೂ ಮೊದಲು ಕಿಮೋನೋ ತೊಟ್ಟ ಹೆಂಗಸೊಬ್ಬಳು ಬಂದು ಬರೆದವರ ಹೆಸರು, ರಾಗದವರ ಹೆಸರು ಹೇಳುತ್ತಿದ್ದಳು, ಮೊದಲು ಜಪಾನಿಯಲ್ಲಿ, ಆಮೇಲೆ ಚೀನೀ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಬಂದರದ ಹಾಡಿಗೆ ಮೊದಲು ಗಾಯಕರು ತಾವೇ ಮಾತಾಡಿದರು. ಇದು ತಮ್ಮ ಗುರುಗಳು ತಮಗಾಗಿ ಮಾಡಿದ ರಾಗ, ತಾವು ಹೋದ ಊರುಗಳಲ್ಲೆಲ್ಲ ಇದು ತಮಗಿಂತ ಮೊದಲೇ ಹೋಗಿ ಕೂತಿರುತ್ತದೆ, ನಿಮ್ಮ ನಿಮ್ಮ ಭಾಷೆಯಲ್ಲಿ ಜೊತೆಗೂಡಿ ಹಾಡಿ ಎಂದು ಆಕೆ ಇಂಗ್ಲಿಷಿನಲ್ಲಿ ಹೇಳಿದಳು. ಈ ಸಲ ರಾಗದವರ ಹೆಸರನ್ನು ಅಂಗೈ ಮೇಲೆ ಬರೆದುಕೊಂಡೆ.

ಇಡೀ ಸಭೆ ಹಾಡಿತು. ಯಾವ ಭಾಷೆ ಎಲ್ಲಿಂದ ಬರುತ್ತಿದೆ ತಿಳಿಯಲಿಲ್ಲ. ನಮ್ಮ ಸಾಲಿನ ಹೆಂಗಸರಿಗೂ ತಡೆಯಲಾಗಲಿಲ್ಲ, ತೊಟ್ಟಿಲಲ್ಲಿ ಮಗುವು ಎಂದು ಶುರು ಮಾಡಿ, ಅರ್ಧಕ್ಕೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಸಾವಿರ ಮುದುಕ ಮುದುಕಿಯರು ಪ್ರಿನ್ಸ್‌ಟನ್ನಿನ ಬೇಸ್‌ಮೆಂಟಿಗೆ ಬಂದು ಕಲಿತು ಹೋಗಿರಲಾರರು ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆದಂತಿತ್ತು. ಹಾಡು ಮುಗಿದು ಚಪ್ಪಾಳೆ ಇಳಿಯುವ ಹೊತ್ತಿಗೆ ಡೈರೆಕ್ಟರ್ ಅಂಕಲ್ ಅವರ ಹೆಂಡತಿ ಗಂಡನ ಕಡೆ ತಿರುಗಿದರು. ಆಕೆ ಗಂಡನ ಮಾತನ್ನು ನಿಜವಾಗಿಯೂ ನಂಬಿದ್ದವರು. ನಮ್ಮ ಎರಡೂ ಸಾಲಿಗೆ ಕೇಳುವಂತೆ ಕೇಳಿದರು:

“ರೀ, ಇದು ನಿಮ್ಮದಲ್ವಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಕೊರಳಿನ ಟೈ ಮುಟ್ಟಿಕೊಂಡರು. ರೆಸ್ಟ್‌ರೂಮಿಗೆಂದು ಎದ್ದು ಹೋದವರು ಬಸ್ಸಿನಲ್ಲೇ ಕಂಡದ್ದು. ವಾಪಸು ಬರುವಾಗ ಅಂತ್ಯಾಕ್ಷರಿ ಆಡೋಣ ಎಂದು ಯಾರೋ ಅಂದರು, ಯಾರೂ ಆಡಲಿಲ್ಲ. ನಾನು ಕಿಟಕಿಯ ಪಕ್ಕ ಕೂತು ನನ್ನಷ್ಟಕ್ಕೆ ಆ ರಾಗ ಗುನುಗಿದೆ, ಮೂರು ಸಾಲು ಮುಂದಿದ್ದ ಅವರಿಗೆ ಕೇಳುವಷ್ಟು. ಪಾಪ ಅನ್ನಿಸಿತೇ ಎಂದು ಗಂಡ ಆಮೇಲೆ ಕೇಳಿದ. ಇಲ್ಲ, ಅನ್ನಿಸಲಿಲ್ಲ.

ಮರುದಿನವೇ ಊರಿಗೆ ಫೋನ್ ಮಾಡಿ ಅಮ್ಮನಿಗೆ ಎಲ್ಲ ಒಪ್ಪಿಸಿದೆ. ಕಳ್ಳ ಸಿಕ್ಕಿಬಿದ್ದದ್ದಕ್ಕೆ ಅವಳು ಹೂಂ ಅಂದಳಷ್ಟೇ. ರಾಗದವರ ಹೆಸರು ಹೇಳು ಎಂದಳು. ಬಿಡಿಸಿ ಬಿಡಿಸಿ ಹೇಳಿದೆ. ನಾಲಿಗೆ ಹೊರಳದೆ ಮತ್ತೆ ಮತ್ತೆ ಹೇಳಿಸಿದಳು. ಆಮೇಲೆ ಅಣ್ಣನ ಮಕ್ಕಳು ಫೋನಿನಲ್ಲಿ ನಕ್ಕು ಹೇಳಿದರು: ಅಜ್ಜಿ ದಿನಾ ಮುಂಜಾನೆ ಪೂಜೆಯಾದ ಮೇಲೆ ಒಂದು ಜಪಾನಿ ಹೆಸರು ಹೇಳಿಕೊಳ್ಳುತ್ತಾಳೆ ಎಂದು. ಆದರೂ ಹಾಡು ಎಂದರೆ, ಆಗಲಿ, ಹಾಡುವ ಜಾಗದಲ್ಲಿ ಹಾಡುತ್ತೇನೆ ಅನ್ನುತ್ತಿದ್ದಳು.

ಆ ಚಳಿಗಾಲ ಡೈರೆಕ್ಟರ್ ಅಂಕಲ್ ಮನೆಯಲ್ಲಿ ಮೊಮ್ಮಗಳು ಹುಟ್ಟಿದಳು. ಅವರ ಹೆಂಡತಿಯೇ ನನಗೆ ಫೋನ್ ಮಾಡಿದರು. ತೊಟ್ಟಿಲಿಗೆ ಹಾಕುತ್ತಿದ್ದೇವೆ, ಆ ಹಾಡು ಬೇಕು, ಸೀಡಿಯದು ಬೇಡ, ನಿಮ್ಮ ತಾಯಿಯದು ಬೇಕು, ಧಾಟಿ ಸಮೇತ ಬೇಕು ಎಂದರು. ಅವರ ದನಿ ತಣ್ಣಗಿತ್ತು. ಗಂಡನ ಮೇಲೆ ಅವರದೂ ಒಂದು ಸಿಟ್ಟಿನ ಜಾಡಿ ಇತ್ತು ಅಂತ ಕಾಣುತ್ತದೆ.

ಭಾನುವಾರ ಬೆಳಿಗ್ಗೆ ಊರಿಗೆ ಫೋನ್ ಮಾಡುವ ಕಾಲಿಂಗ್ ಕಾರ್ಡ್ ಹಿಡಿದು ಹೋದೆ. ಅವರ ನಡುಮನೆಯಲ್ಲಿ ತೊಟ್ಟಿಲು, ಸುತ್ತ ಕೂಟದವರೆಲ್ಲ. ಗದುಗಿಗೆ ಲೈನ್ ಸಿಕ್ಕಿತು. ಸ್ಪೀಕರ್ ಫೋನನ್ನು ತೊಟ್ಟಿಲ ಹತ್ತಿರ ಯಾರಾದರೂ ಹಿಡಿಯಬೇಕಿತ್ತು. ನಾನು ಅದನ್ನು ಡೈರೆಕ್ಟರ್ ಅಂಕಲ್ ಕೈಗೇ ಕೊಟ್ಟೆ. ಎಲ್ಲರೂ ನೋಡುತ್ತಿದ್ದರು, ಅವರು ಹಿಡಿದರು.

ಅಮ್ಮ ಗಂಟಲು ಸರಿಮಾಡಿಕೊಂಡಳು. ಮೊದಲು ಧಾಟಿ ಹೇಳಿದಳು: ಹಾಡಿನ ಹೆಸರು, ಹಾಡಿದ ಅಜ್ಜನ ಹೆಸರು, ರಾಗ ಹಾಕಿದವರ ಹೆಸರು, ಒಂದಕ್ಷರ ತಪ್ಪಿಲ್ಲ. ಎಷ್ಟೋ ವರ್ಷಗಳಿಂದ ಅವಳ ಧಾಟಿ ಅಲ್ಲಿಗೆ ಮುಗಿಯುತ್ತಿತ್ತು, ತನ್ನ ಹೆಸರನ್ನು ಅವಳು ಎಂದೂ ಸೇರಿಸಿದವಳಲ್ಲ. ಅವತ್ತು ನಿಲ್ಲಿಸಲಿಲ್ಲ. ಮಾತು ಕಟ್ಟಿದವಳು ಎಂದು ತನ್ನ ಪೂರ್ತಿ ಹೆಸರು, ತವರಿನ ಅಡ್ಡಹೆಸರು ಸಮೇತ, ಹೇಳಿದಳು. ಆಮೇಲೆ ಅಂದಳು:

“ಜೀವಂತ ಅದೀನ್ರಿ. ಇದನ್ನ ತಿದ್ದಬ್ಯಾಡ್ರಿ.”

ಮತ್ತೆ ಹಾಡಿದಳು. ಒಂದು ವರ್ಷದ ಮೇಲೆ ಅವಳ ಹಾಡಿನ ದನಿ ಕೇಳುತ್ತಿದ್ದೆ, ಸಮುದ್ರದ ಆಚೆಯಿಂದ, ಸ್ವಲ್ಪ ತಡವಾಗಿ. ತೊಟ್ಲಾಗ ಎಂಬ ಮಾತು ಅದರ ಜಾಗದಲ್ಲಿ ಬಂದು ಕೂತಿತು. ಅವರ ಹೆಂಡತಿ ತೊಟ್ಟಿಲು ತೂಗುತ್ತಿದ್ದರು. ಹೆಂಗಸರೆಲ್ಲ ಮಗುವಿನ ಮೇಲೆ ಬಗ್ಗಿದ್ದರು, ಮಗು ಚೆಲುವಾಗಿತ್ತು ಎಂದು ಆಮೇಲೆ ಹೇಳಿದರು. ಇರಬಹುದು. ನಾನು ಮಗುವನ್ನು ನೋಡಲಿಲ್ಲ. ಹಾಡು ಮುಗಿಯುವತನಕ ಫೋನ್ ಹಿಡಿದಿದ್ದವರ ಮುಖವನ್ನೇ ನೋಡುತ್ತಿದ್ದೆ.